ಹೆಪ್ಪುಗಟ್ಟಿದ ಸ್ಲರಿ, ಹೆಚ್ಚಾದ ಲಿಥಿಯಂ: ನನ್ನ ಅನುಭವ

ನಿಕಲ್, ಮ್ಯಾಂಗನೀಸ್ ಮತ್ತು ಕೋಬಾಲ್ಟ್ 8:1:1ರ ಅನುಪಾತದಲ್ಲಿರುವ ಎನ್‌ಎಂಸಿ 811 ಎಂಬ ಕ್ಯಾಥೋಡ್ ಪುಡಿಯನ್ನು (ಲಿಥಿಯಂ-ಅಯಾನ್ ಬ್ಯಾಟರಿಯ ಧನ ವಿದ್ಯುದ್ವಾರದ ಪುಡಿ) ನಾನು ಮೊದಲ ಸಲ ತಯಾರಿಸಿದಾಗ, ಕುಲುಮೆಯಿಂದ ಹೊರಬಂದ ಆ ಕಪ್ಪು ಪುಡಿಯಲ್ಲಿ ಯಾವ ದೋಷವೂ ಕಾಣಲಿಲ್ಲ. ಸ್ಫಟಿಕದ ರಚನೆ ತೋರಿಸುವ ಎಕ್ಸ್-ರೇ ವಿವರ್ತನೆಯಲ್ಲಿ 003 ಮತ್ತು 104 ಎಂದು ಕರೆಯುವ ಎರಡು ಶೃಂಗಗಳ ತೀವ್ರತೆಯ ಅನುಪಾತ 1.2ನ್ನು ದಾಟಿತ್ತು, ಲಿಥಿಯಂ ಕೂರಬೇಕಾದ ಜಾಗಕ್ಕೆ ನಿಕಲ್ ಹೆಚ್ಚಾಗಿ ನುಗ್ಗಿಲ್ಲವೆಂದು ನೆಮ್ಮದಿಯಾಯಿತು.

ತೊಂದರೆ ಎದುರಾದದ್ದು ಮರುವಾರ. ಪುಡಿಯನ್ನು ಕಾರ್ಬನ್ ಬ್ಲ್ಯಾಕ್ (ವಿದ್ಯುತ್ ಹರಿಸುವ ಇಂಗಾಲದ ಪುಡಿ) ಹಾಗೂ ಪಿವಿಡಿಎಫ್ ಬೈಂಡರ್ (ಕಣಗಳನ್ನು ಅಂಟಿಸಿ ಹಿಡಿಯುವ, ಉದ್ದ ಸರಪಳಿ ಅಣುಗಳ ಪ್ಲಾಸ್ಟಿಕ್) ಜೊತೆ ಎನ್‌ಎಂಪಿ ದ್ರಾವಕದಲ್ಲಿ ಕಲಸಿದಾಗ ಮೊದಲ ಅರ್ಧ ಗಂಟೆ ಸ್ಲರಿ, ಅಂದರೆ ಲೋಹದ ಹಾಳೆಗೆ ಲೇಪಿಸುವ ಆ ಮಿಶ್ರಣ, ಎಣ್ಣೆಯಂತೆ ಹರಿಯುತ್ತಿತ್ತು. ಆಮೇಲೆ ಕಲಕುವ ಕಾಂತದ ತುಂಡು ತಡವರಿಸಿ ನಿಂತೇಬಿಟ್ಟಿತು. ಬೀಕರನ್ನು ಓರೆ ಮಾಡಿದರೂ ಮುದ್ದೆ ಕದಲಲಿಲ್ಲ. ಮೊದಲು ಬೈಂಡರನ್ನೇ ದೂರಿ, ಇನ್ನಷ್ಟು ದ್ರಾವಕ ಸುರಿದೆ. ಹೆಪ್ಪು ಒಡೆದು ಗಂಟುಗಳಾಯಿತೇ ಹೊರತು ಕರಗಲಿಲ್ಲ.

ತಪ್ಪು ನಡೆದದ್ದು ಒಂದು ವಾರ ಹಿಂದೆ, ತಕ್ಕಡಿಯ ಮುಂದೆ. 750 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಲಿಥಿಯಂ ಸ್ವಲ್ಪ ಆವಿಯಾಗುವುದರಿಂದ, ಆ ನಷ್ಟವನ್ನು ತುಂಬಲು ನಾನು ಲಿಥಿಯಂ ಹೈಡ್ರಾಕ್ಸೈಡನ್ನು ಶೇ. 5ರಷ್ಟು ಹೆಚ್ಚಾಗಿ ಬೆರೆಸಿದ್ದೆ. ಸ್ಫಟಿಕದೊಳಗೆ ಸೇರದೆ ಉಳಿದ ಲಿಥಿಯಂ ಕಣಗಳ ಮೇಲ್ಮೈಗೆ ಬಂದು, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಹೈಡ್ರಾಕ್ಸೈಡ್ ಹಾಗೂ ಕಾರ್ಬೊನೇಟ್ ಆಗಿ ಕೂತಿತ್ತು. ಈ ಕ್ಷಾರ ಪಿವಿಡಿಎಫ್ ಸರಪಳಿಯಿಂದ ಹೈಡ್ರೋಜನ್ ಫ್ಲೋರೈಡನ್ನು ಕಿತ್ತುಹಾಕುತ್ತದೆ. ಆಗ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಸ್ಲರಿ ಹೆಪ್ಪುಗಟ್ಟುತ್ತದೆ. ಒಂದು ಗ್ರಾಂ ಪುಡಿಯನ್ನು ನೀರಿನಲ್ಲಿ ಕಲಕಿ, ಸೋಸಿ ನೋಡಿದರೆ ಪಿಎಚ್ 12ರ ಹತ್ತಿರವಿತ್ತು. ಇಷ್ಟು ಸುಲಭದ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು.

ಪುಡಿಯನ್ನು ತೊಳೆದೂ ನೋಡಿದೆ. ಕ್ಷಾರವೇನೋ ಹೋಯಿತು, ಆದರೆ ನೀರು ಸ್ಫಟಿಕದ ಅಂಚಿನ ಲಿಥಿಯಂ ಅನ್ನೂ ಎಳೆದುಕೊಂಡು ಹೋಗುವುದರಿಂದ ಆ ಪುಡಿಯಿಂದ ಮಾಡಿದ ಬ್ಯಾಟರಿ ಸೆಲ್‌ಗಳ ಸಾಮರ್ಥ್ಯ ಬೇಗನೆ ಕುಸಿಯಿತು; ಮತ್ತೆ ಕಾಯಿಸಿದಾಗ ಒಂದಿಷ್ಟು ಮರಳಿತು, ಪೂರ್ತಿಯಲ್ಲ. ನನ್ನ ಮಟ್ಟಿಗೆ ತೊಳೆಯುವುದು ಬೇರೆ ದಾರಿಯಿಲ್ಲದವರ ಉಪಾಯ.

ಕೊನೆಗೆ ಲಿಥಿಯಂನ ಹೆಚ್ಚುವರಿಯನ್ನು ಶೇ. 2ಕ್ಕೆ ಇಳಿಸಿ, ಮೂಸೆಯಲ್ಲಿ ಪುಡಿಯನ್ನು ತೆಳ್ಳಗೆ ಹರಡಿದೆ. ಪದರ ದಪ್ಪವಾದರೆ ಆಮ್ಲಜನಕ ತಳಕ್ಕೆ ತಲುಪುವುದಿಲ್ಲ, ಕೆಳಗಿನ ನೀರಾವಿಗೂ ಹೊರಬರಲು ದಾರಿಯಿರುವುದಿಲ್ಲ. ಕುಲುಮೆ ತಣಿಯುವವರೆಗೂ ಆಮ್ಲಜನಕದ ಹರಿವನ್ನು ನಿಲ್ಲಿಸದೆ, ಪುಡಿ ಇನ್ನೂ ಬಿಸಿಯಿರುವಾಗಲೇ ಆರ್ಗಾನ್ ಅನಿಲ ತುಂಬಿದ, ಗಾಳಿ-ತೇವ ಒಳಬರದ ಪೆಟ್ಟಿಗೆಗೆ ಸಾಗಿಸಿದೆ. ಆ ಪುಡಿಯ ಸ್ಲರಿ ಮರುದಿನ ಬೆಳಿಗ್ಗೆಯೂ ಹರಿಯುತ್ತಿತ್ತು; 4.3 ವೋಲ್ಟ್‌ವರೆಗೆ ನಿಧಾನವಾಗಿ ಚಾರ್ಜ್ ಮಾಡಿದ ಕಾಯಿನ್ ಸೆಲ್ (ನಾಣ್ಯದಾಕಾರದ ಪುಟ್ಟ ಬ್ಯಾಟರಿ) ಗ್ರಾಂಗೆ 195 ಮಿಲಿಆಂಪಿಯರ್-ಗಂಟೆ ಕೊಟ್ಟಿತು.

ಎರಡು ತಿಂಗಳ ಬಳಿಕ ಅದೇ ಪುಡಿ, ಮುಚ್ಚಳ ಸಡಿಲವಾಗಿದ್ದ ಒಂದು ಬಾಟಲಿಯದು, ಮತ್ತೆ ಹೆಪ್ಪುಗಟ್ಟಿತು. ಈಗ ಪ್ರತಿ ಬ್ಯಾಚನ್ನೂ ಒಂದೊಂದು ಲೇಪನಕ್ಕೆ ಸಾಕಾಗುವ ಪುಟ್ಟ ಸೀಸೆಗಳಿಗೆ ಹಂಚಿಡುತ್ತೇನೆ. ಒಮ್ಮೆ ತೆರೆದ ಸೀಸೆಯಲ್ಲಿ ಉಳಿದದ್ದನ್ನು ಮರಳಿ ಬಳಸುವುದಿಲ್ಲ.