ಯಾರ ಮಾತಿನ ಬೆನ್ನು ಹಿಡಿಯಬೇಕು? ಶ್ಯಾಡೋಯಿಂಗ್‌ಗೆ ವೀಡಿಯೊ ಆರಿಸಿದ ನನ್ನ ಅನುಭವ

ಮೊದಲ ಸಲ ಒಇಟಿ, ಅಂದರೆ ಆಸ್ಪತ್ರೆ ಕೆಲಸದವರಿಗಾಗಿ ನಡೆಸುವ ಇಂಗ್ಲಿಷ್ ಪರೀಕ್ಷೆ, ಬರೆದಾಗ ಸ್ಪೀಕಿಂಗ್‌ನಲ್ಲಿ ನನಗೆ ಬಂದದ್ದು 320. ಇಂಗ್ಲೆಂಡಿನಲ್ಲಿ ನರ್ಸ್ ಆಗಿ ರಿಜಿಸ್ಟರ್ ಆಗಲು ಬೇಕಿದ್ದದ್ದು 350. ರೀಡಿಂಗ್, ಲಿಸನಿಂಗ್, ರೈಟಿಂಗ್ ಮೂರೂ ದಾಟಿದ್ದೆ, ಮಾತಿನಲ್ಲಿ ನಿಂತುಬಿಟ್ಟೆ. ತುಂಬಾ ಅತ್ತೆ. ಏಕೆಂದರೆ ಅದಕ್ಕೆ ಮೊದಲು ಐದು ತಿಂಗಳು ಒಂದು ದಿನವೂ ತಪ್ಪಿಸದೆ ಶ್ಯಾಡೋಯಿಂಗ್ ಮಾಡಿದ್ದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಊರು ಹಾಸನ ಜಿಲ್ಲೆಯ ಹಳ್ಳಿ. ಬಾಯಿ ಪಳಗಲಿ ಅಂತಲೇ ಅಷ್ಟು ಕಷ್ಟಪಟ್ಟಿದ್ದೆ.

ಶ್ಯಾಡೋಯಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ಇಯರ್‌ಫೋನ್‌ನಲ್ಲಿ ಒಬ್ಬರ ಮಾತು ಕೇಳುತ್ತಾ, ಅವರು ವಾಕ್ಯ ಮುಗಿಸುವವರೆಗೆ ಕಾಯದೆ, ಅರ್ಧ ಸೆಕೆಂಡ್ ಹಿಂದೆ ಅದೇ ಮಾತನ್ನು ಅದೇ ಏರಿಳಿತದಲ್ಲಿ ಬಾಯಿಬಿಟ್ಟು ಹೇಳುತ್ತಾ ಹೋಗುವುದು. ದುಭಾಷಿಗಳ ತರಬೇತಿಯಲ್ಲಿ ಇದು ಮೊದಲಿಂದಲೂ ಇರುವ ಅಭ್ಯಾಸ. ಭಾಷೆ ಕಲಿಯುವವರ ನಡುವೆ ಇದನ್ನು ಹೆಚ್ಚಾಗಿ ಹರಡಿದವರು ಅಮೆರಿಕದ ಬಹುಭಾಷಾ ವಿದ್ವಾಂಸ ಅಲೆಕ್ಸಾಂಡರ್ ಆರ್ಗ್ವೆಲ್ಲೆಸ್. ಬಯಲಲ್ಲಿ, ಬೆನ್ನು ನೆಟ್ಟಗಿಟ್ಟು, ಬಿರುಸಾಗಿ ನಡೆಯುತ್ತಾ, ಗಟ್ಟಿ ದನಿಯಲ್ಲಿ ಮಾಡಿ ಎನ್ನುತ್ತಾರೆ ಅವರು. ನಾನು ನೈಟ್ ಡ್ಯೂಟಿ ಮುಗಿಸಿ ಬಂದು, ಮೈಸೂರಿನ ಹಾಸ್ಟೆಲ್ ಟೆರೇಸ್ ಮೇಲೆ, ಒಣಹಾಕಿದ ಯೂನಿಫಾರ್ಮ್‌ಗಳ ನಡುವೆ ಹಾಗೇ ಮಾಡುತ್ತಿದ್ದೆ. ವಿಧಾನದಲ್ಲಿ ತಪ್ಪಿರಲಿಲ್ಲ. ನಾನು ಬೆನ್ನು ಹಿಡಿದಿದ್ದ ದನಿಗಳು ನನ್ನ ಕೆಲಸದವಾಗಿರಲಿಲ್ಲ.

ಶುರು ಮಾಡಿದ್ದು ವಾಯ್ಸ್ ಆಫ್ ಅಮೆರಿಕದ ಕಲಿಕಾ ಕಾರ್ಯಕ್ರಮಗಳಿಂದ. 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಎಂಬ ಹೆಸರಿನಲ್ಲಿ ಆರಂಭವಾದದ್ದು ಅದು. ಸುಮಾರು 1500 ಪದಗಳ ಮಿತಿಯೊಳಗೆ, ನಿಧಾನವಾಗಿ, ಬಿಡಿಸಿ ಬಿಡಿಸಿ ಓದುತ್ತಿದ್ದರು. ಕೇಳಿ ಅರ್ಥ ಮಾಡಿಕೊಳ್ಳಲು ಅದರಷ್ಟು ಆಸರೆ ನನಗೆ ಬೇರೆ ಯಾವುದೂ ಕೊಡಲಿಲ್ಲ. ಆದರೆ ಆ ವೇಗವನ್ನೇ ಬಾಯಿಗೆ ಅಭ್ಯಾಸ ಮಾಡಿಕೊಂಡಾಗ ಪ್ರತಿ ಪದವನ್ನೂ ಪಕ್ಕಪಕ್ಕ ಇಟ್ಟಿಗೆ ಜೋಡಿಸಿದ ಹಾಗೆ ಇಡತೊಡಗಿದೆ. ಆಮೇಲೆ ಟೆಡ್ ಭಾಷಣಗಳಿಗೆ ಹೋದೆ. ಹೆಚ್ಚೆಂದರೆ 18 ನಿಮಿಷ, ಒಬ್ಬರದೇ ದನಿ, ಶುದ್ಧ ಆಡಿಯೊ, ಕೆಳಗೆ ಸಬ್‌ಟೈಟಲ್. ಎಲ್ಲ ಅನುಕೂಲವೂ ಇತ್ತು. ಜೊತೆಗೆ ಎಲ್ಲರೂ ಹೇಳುತ್ತಾರಲ್ಲ ಅಂತ ಫ್ರೆಂಡ್ಸ್. ಹತ್ತು ಸೀಸನ್ನಿನ ಆ ಧಾರಾವಾಹಿಯನ್ನು ನೋಡುವುದು ಖುಷಿ ಕೊಡುತ್ತಿತ್ತು, ಆದರೆ ಬೆನ್ನು ಹಿಡಿದು ಹೇಳುವಾಗ ಎರಡು ವಾಕ್ಯಕ್ಕೊಮ್ಮೆ ಜನರ ನಗು ಅಡ್ಡ ಬರುತ್ತದೆ, ನಗುವಿಗೆ ಜಾಗ ಬಿಡಲು ನಟರು ನಿಲ್ಲುತ್ತಾರೆ. ಆ ನಿಲುಗಡೆಯನ್ನೂ ನಾನು ಕಲಿತುಬಿಟ್ಟೆ.

ಪರೀಕ್ಷೆಯಲ್ಲಿ ಎರಡು ರೋಲ್‌ಪ್ಲೇ. ಕಾರ್ಡ್ ಓದಿಕೊಳ್ಳಲು ಸ್ವಲ್ಪ ಹೊತ್ತು, ಆಮೇಲೆ ಸುಮಾರು 5 ನಿಮಿಷ ಮಾತು. ಎದುರಿಗಿರುವವರು ರೋಗಿಯ ಪಾತ್ರ ಮಾಡುತ್ತಾರೆ, ನಾವು ನರ್ಸ್. ಗ್ರಾಮರ್, ಉಚ್ಚಾರಣೆಯ ಜೊತೆಗೆ ರೋಗಿಯ ಜೊತೆ ಸಂಬಂಧ ಹೇಗೆ ಕಟ್ಟಿಕೊಳ್ಳುತ್ತೀರಿ, ಅವರ ಆತಂಕ ನಿಮಗೆ ಮುಟ್ಟಿತೇ ಅನ್ನುವುದಕ್ಕೂ ಅಂಕ. ನಾನು ಸಾವಿರ ಜನರ ಮುಂದೆ ನಿಂತ ಭಾಷಣಕಾರರ ದನಿಯಲ್ಲಿ ಒಬ್ಬ ಹೆದರಿದ ಮನುಷ್ಯನ ಹತ್ತಿರ ಮಾತಾಡಿ ಬಂದಿದ್ದೆ.

ಇದನ್ನು ನನಗೆ ಬಿಡಿಸಿ ಹೇಳಿದ್ದು ನಮ್ಮ ವಾರ್ಡಿನಲ್ಲಿ ಮೊದಲು ಇದ್ದ ಒಬ್ಬ ಅಕ್ಕ. ಅಷ್ಟು ಹೊತ್ತಿಗೆ ಅವರು ಇಂಗ್ಲೆಂಡಿಗೆ ಹೋಗಿ ಎರಡು ವರ್ಷವಾಗಿತ್ತು. ಫೋನ್ ಮಾಡಿ ಅತ್ತಾಗ ಅವರು ಸಮಾಧಾನ ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದರು.

“ವಾರ್ಡಲ್ಲಿ ವಯಸ್ಸಾದವರಿಗೆ ಬಿಪಿ ನೋಡೋವಾಗ ಕನ್ನಡದಲ್ಲಿ ಏನಂತೀಯಮ್ಮಾ?”

“ಅಜ್ಜಿ, ಸ್ವಲ್ಪ ಕೈ ಕೊಡ್ತೀರಾ, ಬಿಪಿ ನೋಡ್ಬಿಡ್ತೀನಿ ಅಂತೀನಿ ಅಕ್ಕ.”

“ಈಗ ಅದನ್ನೇ ಇಂಗ್ಲಿಷಲ್ಲಿ ಹೇಳು.”

“ಗಿವ್ ಮಿ ಯುವರ್ ಹ್ಯಾಂಡ್, ಐ ವಿಲ್ ಚೆಕ್ ಬಿಪಿ.”

“ಆ ‘ಸ್ವಲ್ಪ’ ಎಲ್ಲಿ ಹೋಯ್ತು? ‘ಕೊಡ್ತೀರಾ’ ಎಲ್ಲಿ ಹೋಯ್ತು? ಕನ್ನಡದಲ್ಲಿ ನೀನು ಎಷ್ಟು ಒಳ್ಳೆ ನರ್ಸು. ಇಂಗ್ಲಿಷಲ್ಲಿ ಪೊಲೀಸಿನವರ ಥರ ಕೇಳಿಸ್ತಿದೀಯ. ಇಲ್ಲಿನ ನರ್ಸುಗಳು ರೋಗಿ ಹತ್ರ ಹೇಗೆ ಮಾತಾಡ್ತಾರೆ ಅನ್ನೋದನ್ನ ಒಂದ್ಸಲನಾದ್ರೂ ಕಿವಿಗೊಟ್ಟು ಕೇಳಿದೀಯಾ?”

ಕೇಳಿರಲಿಲ್ಲ. ಐದು ತಿಂಗಳಲ್ಲಿ ಒಬ್ಬ ನರ್ಸಿನ ದನಿಯನ್ನೂ ನಾನು ಬೆನ್ನು ಹಿಡಿದಿರಲಿಲ್ಲ.

ಆವತ್ತಿನಿಂದ ವೀಡಿಯೊ ಆರಿಸುವಾಗ ಮೊದಲು ನನ್ನನ್ನು ನಾನೇ ಕೇಳಿಕೊಂಡ ಪ್ರಶ್ನೆ ಒಂದೇ: ಈ ಮನುಷ್ಯ ಆಡುತ್ತಿರುವ ವಾಕ್ಯವನ್ನು ನಾಳೆ ನಾನು ಯಾರಿಗಾದರೂ ಆಡುತ್ತೇನಾ? ಆಡುವುದಿಲ್ಲ ಎಂದರೆ, ಎಷ್ಟೇ ಚೆಂದದ ಕಾರ್ಯಕ್ರಮವಾಗಲಿ, ನೋಡಿ ಖುಷಿಪಡುತ್ತಿದ್ದೆ, ಅಭ್ಯಾಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆಸ್ಪತ್ರೆಯ ಕಥೆ ಇದ್ದ ಮಾತ್ರಕ್ಕೆ ಸಾಲದು ಅನ್ನುವುದೂ ಬೇಗ ತಿಳಿಯಿತು. ಗ್ರೇಸ್ ಅನಾಟಮಿಯಂಥ ಅಮೆರಿಕನ್ ಧಾರಾವಾಹಿಯಲ್ಲಿ ಮುಖ್ಯ ಮಾತೆಲ್ಲ ಡಾಕ್ಟರು ಡಾಕ್ಟರಿಗೆ ಆಡುವಂಥದ್ದು. ಕಾಲ್ ದ ಮಿಡ್‌ವೈಫ್‌ನಲ್ಲಿ ನರ್ಸುಗಳೇ ನಾಯಕಿಯರು, ನನಗೆ ಪ್ರಾಣ ಅದು, ಆದರೆ ಕಥೆ ಶುರುವಾಗುವುದು 1950ರ ದಶಕದ ಲಂಡನ್ನಿನಲ್ಲಿ. ಆ ಕಾಲದ ಮಾತನ್ನು ಈಗಿನ ವಾರ್ಡಿಗೆ ತರಲು ಆಗುವುದಿಲ್ಲ.

ಕೊನೆಗೆ ನನಗೆ ಒದಗಿದ್ದು ಎರಡು ಬಗೆ. ಒಂದು, ಗೀಕಿ ಮೆಡಿಕ್ಸ್‌ನಂಥ ಕ್ಲಿನಿಕಲ್ ಸ್ಕಿಲ್ಸ್ ವೀಡಿಯೊಗಳು. ಬ್ರಿಟನ್ನಿನ ವೈದ್ಯ ವಿದ್ಯಾರ್ಥಿಗಳಿಗಾಗಿ ಮಾಡಿದವು. ಒಳಗೆ ಬಂದು ಹೆಸರು ಹೇಳಿಕೊಳ್ಳುವುದು, ರೋಗಿಯ ಹೆಸರು, ಹುಟ್ಟಿದ ದಿನಾಂಕ ಖಚಿತ ಮಾಡಿಕೊಳ್ಳುವುದು, ಏನು ಮಾಡುತ್ತೇನೆ ಅಂತ ವಿವರಿಸುವುದು, ಒಪ್ಪಿಗೆ ಕೇಳುವುದು, ಎಲ್ಲ ಕ್ರಮವಾಗಿ ಬರುತ್ತದೆ. ದನಿ ಸ್ಪಷ್ಟ, ಹಿಂದೆ ಗದ್ದಲವಿಲ್ಲ. ಇನ್ನೊಂದು, 24 ಅವರ್ಸ್ ಇನ್ ಎ ಆಂಡ್ ಇ. 2011ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಶುರುವಾದ ಸಾಕ್ಷ್ಯಚಿತ್ರ ಸರಣಿ. ಮೊದಲು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಚಿತ್ರೀಕರಿಸಿದ್ದು. ಅಲ್ಲಿ ಮಾತಾಡುವವರು ನಿಜವಾದ ನರ್ಸುಗಳು, ನಿಜವಾದ ರೋಗಿಗಳು. ಆದ್ದರಿಂದಲೇ ಅದು ಕಷ್ಟ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ಟ್ರಾಲಿ ಸದ್ದು, ಮಾನಿಟರ್ ಬೀಪ್, ಮನಸ್ಸು ಕಲಕುವ ದೃಶ್ಯಗಳಲ್ಲಿ ಕೆಳಗೆ ಸಂಗೀತ. ಇಡೀ ಎಪಿಸೋಡ್ ಹಿಂದೆ ಬೀಳದೆ, ಅದರಿಂದ ನರ್ಸ್ ಮಂಚದ ಪಕ್ಕ ಬಂದು ಮಾತಾಡುವ 30–40 ಸೆಕೆಂಡಿನ ತುಣುಕು ಮಾತ್ರ ಆರಿಸಿಕೊಳ್ಳುತ್ತಿದ್ದೆ. ಎರಡು ಸಲ ಕೇಳಿದ ಮೇಲೂ ಅರ್ಧದಷ್ಟು ಕಿವಿಗೆ ಸಿಗದಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದೆ. ಗಂಡು ದನಿಯ ಹಿಂದೆ ಹೋದರೆ ಗಂಟಲು ಬಿಗಿಯುತ್ತಿತ್ತು, ಹಾಗಾಗಿ ನನ್ನ ಶ್ರುತಿಗೆ ಹತ್ತಿರವಿರುವ ಹೆಣ್ಣು ದನಿಗಳನ್ನೇ ಹುಡುಕಿಕೊಂಡೆ.

ಒಂದು ವಾಕ್ಯದ ಕಥೆ ಹೇಳುತ್ತೇನೆ. ಬಿಪಿ ಕಫ್ ಕಟ್ಟುತ್ತಾ ನರ್ಸ್ ಹೇಳುವುದು: “ಐಮ್ ಜಸ್ಟ್ ಗೊನ ಪಾಪ್ ದಿಸ್ ಕಫ್ ಆನ್ ಯೋರ್ ಆರ್ಮ್, ಈಸ್ ದಟ್ ಆಲ್‌ರೈಟ್?” ಈ ಪಟ್ಟಿಯನ್ನು ನಿಮ್ಮ ತೋಳಿಗೆ ಕಟ್ಟುತ್ತೇನೆ, ಆಗಬಹುದಾ ಎಂದು. ಇದೊಂದರ ಮೇಲೆ ನಾಲ್ಕು ದಿನ ಕೂತೆ. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಎಲ್ಲ ಪದಕ್ಕೂ ಒಂದೇ ತೂಕ, ಕೊನೆಗೆಲ್ಲ ನಮ್ಮ ಉಕಾರ: ಕಫ್ಫು, ಆನು, ಆರ್ಮು. ಅವರ ದನಿಯಲ್ಲಿ ತೂಕ ಬೀಳುವುದು ಪಾಪ್, ಕಫ್, ಆರ್ಮ್ ಮೂರಕ್ಕೆ ಮಾತ್ರ, ಉಳಿದವು ನಡುವೆ ಸಣ್ಣದಾಗಿ ನುಸುಳಿಹೋಗುತ್ತವೆ. ಕಫ್ ಮತ್ತು ಆನ್ ಎರಡು ಪದವಾಗಿ ಕೇಳುವುದೇ ಇಲ್ಲ, ‘ಕಫಾನ್’ ಎಂದು ಕೇಳುತ್ತದೆ. ಮೂರನೇ ದಿನ ಥಟ್ಟನೆ ಹೊಳೆಯಿತು: ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ನಾವು ಉಕಾರ ಬಿಡುವುದಿಲ್ಲವೇ! ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಲೋಪಸಂಧಿ ನನ್ನ ಇಂಗ್ಲಿಷಿಗೆ ಕೆಲಸಕ್ಕೆ ಬಂತು. ಕಫ್ಫು, ಆನು ಎಂದು ನಾನು ಸೇರಿಸಿಕೊಂಡಿದ್ದ ಉಕಾರವನ್ನು ನನ್ನದೇ ಭಾಷೆಯ ನಿಯಮದಂತೆ ಬಿಟ್ಟುಕೊಟ್ಟೆ. ಮತ್ತೆ ಆ ‘ಜಸ್ಟ್’ ಇದೆಯಲ್ಲ, ಅದು ಅಕ್ಕ ಕೇಳಿದ ‘ಸ್ವಲ್ಪ’. ‘ಈಸ್ ದಟ್ ಆಲ್‌ರೈಟ್’ ಅನ್ನುವುದು ‘ಕೊಡ್ತೀರಾ’. ಕಳೆದುಕೊಂಡಿದ್ದೆರಡೂ ಒಂದೇ ವಾಕ್ಯದಲ್ಲಿ ಸಿಕ್ಕಿದ್ದವು.

ತಾನಾಗಿ ಬರುವ ಸಬ್‌ಟೈಟಲ್ ಇಂಥ ಸೇರಿಕೆಗಳಲ್ಲಿ ಆಗಾಗ ತಪ್ಪುತ್ತದೆ. ಅದಕ್ಕೆ ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ಕನ್ನಡದಲ್ಲಿ ಬರೆದುಕೊಂಡರೆ ಉಚ್ಚಾರಣೆ ಕೆಡುತ್ತದೆ ಎನ್ನುವವರಿದ್ದಾರೆ. ಸ್ಪೆಲಿಂಗ್ ನೋಡಿ ಓದಿದರೆ ಇನ್ನೂ ಹೆಚ್ಚು ಕೆಡುತ್ತದೆ ಅನ್ನುವುದು ನನ್ನ ಅನುಭವ. ‘ಕಂಫರ್ಟೆಬಲ್’ ಎಂದು ಓದುತ್ತಿದ್ದವಳು ‘ಕಂಫ್ಟಬಲ್’ ಎಂದು, ‘ಟೆಂಪರೇಚರ್’ ಎನ್ನುತ್ತಿದ್ದವಳು ‘ಟೆಂಪ್ರಚರ್’ ಎಂದು ಹೇಳಲು ಕಲಿತದ್ದು ಹಾಗೆ ಬರೆದುಕೊಂಡೇ. ಒಂದೇ ತೊಡಕು, ನಮಗಿರುವುದು ಒಂದೇ ವಕಾರ. ವೂಂಡ್, ವಾರ್ಡ್, ವಾಶ್ ಹೇಳುವಾಗ ತುಟಿ ದುಂಡಗಾಗಬೇಕು. ವೇನ್, ವಾಮಿಟ್ ಹೇಳುವಾಗ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು. ಮೊದಲ ಗುಂಪಿನ ವಕಾರದ ತಲೆ ಮೇಲೆ ಕೆಂಪು ಪೆನ್ನಿನಲ್ಲಿ ಸಣ್ಣ ಸೊನ್ನೆ ಸುತ್ತಿದೆ. ಗಾಯದ ಡ್ರೆಸಿಂಗ್ ಬಗ್ಗೆ ಇದ್ದ ಒಂದು ಪುಟ ಪೂರ್ತಿ ಕೆಂಪು ಸೊನ್ನೆಗಳೇ.

ವೇಗದ ವಿಷಯಕ್ಕೆ ಬಂದರೆ, ಯೂಟ್ಯೂಬಿನಲ್ಲಿ 0.75ಕ್ಕೆ ಇಳಿಸಿ ಕೇಳುತ್ತಿದ್ದೆ, ಪದ ಬಿಡಿಸಿಕೊಳ್ಳಲು ಅಷ್ಟೇ. ಹೇಳುವುದು ಯಾವಾಗಲೂ ಮೂಲ ವೇಗದಲ್ಲೇ. ತಪ್ಪಿದಾಗ ಸ್ಕ್ರೀನಿನ ಎಡಬದಿ ಎರಡು ಸಲ ತಟ್ಟಿದರೆ 10 ಸೆಕೆಂಡ್ ಹಿಂದೆ ಹೋಗುತ್ತದೆ, ಅದೇ ಸಾಕಾಯಿತು. ಭಾನುವಾರ ಭಾನುವಾರ ನನ್ನ ದನಿ ರೆಕಾರ್ಡ್ ಮಾಡಿ, ಮೂಲದ ಪಕ್ಕ ಇಟ್ಟು ಕೇಳುತ್ತಿದ್ದೆ.

ಹತ್ತು ವಾರ. ಒಟ್ಟು ಹದಿನಾಲ್ಕೇ ತುಣುಕು. ಎಲ್ಲ ಸೇರಿಸಿದರೂ ಹತ್ತು ನಿಮಿಷ ಆಗಲಿಕ್ಕಿಲ್ಲ. ಎರಡನೇ ಸಲ ಸ್ಪೀಕಿಂಗ್‌ನಲ್ಲಿ 370 ಬಂತು.

ಇಲ್ಲಿಗೆ, ಇಂಗ್ಲೆಂಡಿನ ನಡುನಾಡಿಗೆ, ಬಂದ ಮೇಲೆ ಇನ್ನೊಂದು ವಿಷಯ ಅರ್ಥವಾಯಿತು. ನಾನು ನರ್ಸಿನ ಮಾತನ್ನು ಬಾಯಿಗೆ ತಂದುಕೊಂಡಿದ್ದೆ, ರೋಗಿಯ ಮಾತಿಗೆ ಕಿವಿ ತಯಾರು ಮಾಡಿಕೊಂಡಿರಲಿಲ್ಲ. ನಮ್ಮ ವಾರ್ಡಿನ ವಯಸ್ಸಾದವರು ನನ್ನನ್ನು ‘ಡಕ್’ ಎಂದು ಕರೆಯುತ್ತಾರೆ. ಬಾತುಕೋಳಿ ಅಂತ ಅಲ್ಲ, ನಾವು ಮಗಳೇ, ಪುಟ್ಟಿ ಅಂತ ಕರೆದ ಹಾಗೆ. ‘ಸ್ಪೆಂಡ್ ಎ ಪೆನಿ’ ಅಂದರೆ ಬಾತ್‌ರೂಮಿಗೆ ಹೋಗಬೇಕು ಎಂದು. ನೋವು ಹೇಗಿದೆ ಎಂದು ಕೇಳಿದರೆ ಹಲ್ಲು ಕಚ್ಚಿಕೊಂಡೇ ‘ನಾಟ್ ಟೂ ಬ್ಯಾಡ್’ ಎನ್ನುವವರಿದ್ದಾರೆ. ಮಾತು ಬಿಟ್ಟು ಮುಖ ನೋಡಬೇಕು. ಇದಕ್ಕಾಗಿ ಈಗ ಸ್ಕಾಟ್ಲೆಂಡ್, ಯಾರ್ಕ್‌ಶೈರ್, ಬರ್ಮಿಂಗ್‌ಹ್ಯಾಮ್ ಎಲ್ಲ ಕಡೆಯವರ ಸಂದರ್ಶನಗಳನ್ನು ಅಡುಗೆ ಮಾಡುತ್ತಾ ಕೇಳುತ್ತೇನೆ. ಕೇಳುವುದು ಮಾತ್ರ. ಕಿವಿಗೆ ಎಷ್ಟು ಉಚ್ಚಾರಣೆಯಾದರೂ ಬರಲಿ, ಬಾಯಿಗೆ ಒಂದೇ ಇರಲಿ ಅನ್ನುವುದನ್ನು ನಾನು ಬಿಟ್ಟಿಲ್ಲ.

ಸದ್ಯಕ್ಕೆ ನನಗೆ ಕಷ್ಟವಾಗಿರುವುದು ಫೋನ್. ರಾತ್ರಿ ರೋಗಿಗೆ ಏನಾದರೂ ಆದರೆ ಡಾಕ್ಟರಿಗೆ ಫೋನ್ ಮಾಡಿ, ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಏನು ಮಾಡಬೇಕು ಅನ್ನುವುದನ್ನು ಆ ಕ್ರಮದಲ್ಲೇ ಹೇಳಬೇಕು. ಎಸ್‌ಬಿಎಆರ್ ಎನ್ನುತ್ತಾರೆ. ಇಲ್ಲಿ ‘ಜಸ್ಟ್’, ‘ಪಾಪ್’ ಯಾವುದೂ ನಡೆಯುವುದಿಲ್ಲ, ಬೇರೆಯದೇ ದನಿ ಬೇಕು, ಚುಟುಕಾಗಿ, ಗಟ್ಟಿಯಾಗಿ. ಧಾರಾವಾಹಿಗಳಲ್ಲಿ ಇಂಥ ಕರೆ ಪೂರ್ತಿಯಾಗಿ ನನಗೆ ಸಿಗಲಿಲ್ಲ. ನರ್ಸಿಂಗ್ ತರಬೇತಿಗೆಂದು ಮಾಡಿದ ಒಂದು ವೀಡಿಯೊದಿಂದ 40 ಸೆಕೆಂಡಿನ ತುಣುಕು ಕತ್ತರಿಸಿ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಮನೆಯಿಂದ ಬಸ್ ಸ್ಟಾಪಿಗೆ 12 ನಿಮಿಷದ ನಡಿಗೆ. ಡ್ಯೂಟಿಗೆ ಹೋಗುವಷ್ಟರಲ್ಲಿ ಅದನ್ನು ಹದಿನೈದು ಸಲವಾದರೂ ಹೇಳಿ ಮುಗಿಸುತ್ತೇನೆ.