ಮೇಲೊಂದು ಕೇಸ್ ಇದೆಯಾ? ಜೀವ ವಿಮೆ ಮಾಡಿಸೋದು ಹೀಗೆ

ಹೊಲದ ಬದುವಿನ ಜಗಳ, ಜಾತ್ರೆಯಲ್ಲಿ ಅಂದರ್ ಬಾಹರ್, ಕಬ್ಬಿನ ಬೆಲೆಗಾಗಿ ರಸ್ತೆ ತಡೆ, ಸಂಸಾರ ಮುರಿದಾಗ ಬಿದ್ದ ಕೇಸು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಠಾಣೆಯ ಪುಸ್ತಕದಲ್ಲಿ ಹೆಸರು ಬರೋಕೆ ದೊಡ್ಡ ಕಳ್ಳನೇ ಆಗಬೇಕಿಲ್ಲ. ಅಂಥವರು ಜೀವ ವಿಮೆ ಮಾಡಿಸೋಕೆ ಹೋದರೆ ಎರಡು ಥರದ ಸಲಹೆ ಸಿಗುತ್ತದೆ. ಒಂದು, "ನಿಮಗ ಪಾಲಿಸಿ ಸಿಗೂದಿಲ್ಲ ಬಿಡ್ರಿ." ಇನ್ನೊಂದು, "ಅದನ್ನ ಯಾಕ ಬರಸ್ತೀರಿ, ಇಲ್ಲ ಅಂತ ಟಿಕ್ ಹಾಕ್ತೀನಿ ತಗೋರಿ." ಎರಡೂ ತಪ್ಪು. ಎರಡನೆಯದು ಜಾಸ್ತಿ ತಪ್ಪು, ಯಾಕಂದ್ರೆ ಅದರ ಪೆಟ್ಟು ಬೀಳೋದು ನೀವು ಇಲ್ಲದ ಮೇಲೆ, ಕ್ಲೇಮ್ ಅರ್ಜಿ ಹಿಡಿದು ಆಫೀಸಿಗೆ ಅಲೆಯುವ ನಿಮ್ಮ ಮನೆಯವರಿಗೆ.

ಕೇಸ್ ಇದ್ದವರಿಗೆ ಜೀವ ವಿಮೆ ಕೊಡಬಾರದು ಎಂದು 1938ರ ವಿಮಾ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಉಗ್ರ ಚಟುವಟಿಕೆಯ ನಿಷೇಧಿತ ಪಟ್ಟಿಯಲ್ಲಿ ಹೆಸರಿದ್ದವರ ಮಾತು ಬೇರೆ, ಅವರಿಗೆ ಬಾಗಿಲು ಮುಚ್ಚಿದೆ. ಉಳಿದವರ ವಿಷಯದಲ್ಲಿ ಕೊಡೋದು ಬಿಡೋದು ಕಂಪನಿಯ ಇಷ್ಟ. ಕಂಪನಿಗೆ ಇರುವ ಅಂಜಿಕೆ ಇಷ್ಟೇ: ಈ ಮನುಷ್ಯನಿಗೆ ವೈರಿಗಳಿದ್ದಾರಾ, ಜೈಲಿಗೆ ಹೋದರೆ ಪ್ರೀಮಿಯಂ ಕಟ್ಟುವವರು ಯಾರು, ಈ ದುಡ್ಡು ಎಲ್ಲಿಂದ ಬಂತು, ಈ ಪಾಲಿಸಿಯಲ್ಲಿ ಏನಾದರೂ ಮೋಸ ಇದೆಯಾ. ಆ ಅಂಜಿಕೆಗೆ ಕಾಗದದಲ್ಲಿ ಉತ್ತರ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಮೊದಲು ನಿಮ್ಮ ಕೇಸ್ ಏನಾಯ್ತು ಅಂತ ತಿಳ್ಕೊಳ್ಳಿ

ತಮಾಷೆ ಅನ್ನಿಸಬಹುದು, ಆದರೆ ಎಷ್ಟೋ ಜನರಿಗೆ ತಮ್ಮ ಕೇಸ್ ಹೇಗೆ ಮುಗಿಯಿತು ಅನ್ನೋದೇ ಸರಿಯಾಗಿ ಗೊತ್ತಿರುವುದಿಲ್ಲ. ಕೇಳಿದರೆ "ಅದು ಮುಗದೈತ್ರಿ" ಅಂತಾರೆ. ಹೇಗೆ ಮುಗೀತು? ಪೊಲೀಸರು ಬಿ ರಿಪೋರ್ಟ್ (ಆರೋಪಕ್ಕೆ ಆಧಾರ ಇಲ್ಲ ಎಂದು ಕೋರ್ಟಿಗೆ ಕೊಡುವ ವರದಿ) ಹಾಕಿದರಾ, ಕೋರ್ಟು ಖುಲಾಸೆ ಮಾಡಿತಾ, ರಾಜಿ ಆಯ್ತಾ, ಹೈಕೋರ್ಟಿನಲ್ಲಿ ರದ್ದಾಯ್ತಾ, ಇಲ್ಲಾ ದಂಡ ಕಟ್ಟಿ ಬಂದ್ರಾ? ವಿಮೆಯ ಫಾರ್ಮ್ ಮುಂದೆ ಇವೆಲ್ಲ ಬೇರೆ ಬೇರೆ ಉತ್ತರಗಳು.

ದಂಡದ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಇಸ್ಪೀಟ್ ಆಡುವಾಗ ಹಿಡಿದು ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಸೆಕ್ಷನ್ ಹಾಕಿದರು, ಅಥವಾ ಓಸಿ (ಮಟ್ಕಾ) ಚೀಟಿ ಬರೆದದ್ದಕ್ಕೆ 78(3) ಹಾಕಿದರು ಅಂತಿಟ್ಟುಕೊಳ್ಳಿ. ವಕೀಲರು ಒಪ್ಪಿಕೊಂಡುಬಿಡು ಅಂದರು, ಜಡ್ಜ್ ಮುಂದೆ ತಪ್ಪಾಯ್ತು ಎಂದು ಹೇಳಿ ದಂಡ ಕಟ್ಟಿ ಸಂಜೆಯೊಳಗೆ ಮನೆಗೆ ಬಂದಿರಿ. ನಿಮ್ಮ ಲೆಕ್ಕದಲ್ಲಿ ಅದು ಫೈನ್. ಕಾನೂನಿನ ಲೆಕ್ಕದಲ್ಲಿ ಅದು ಶಿಕ್ಷೆ. "ನಿಮಗೆ ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ" ಎಂದು ಫಾರ್ಮ್ ಕೇಳಿದರೆ ಉತ್ತರ ಹೌದು. ಕುಡಿದು ಗಾಡಿ ಓಡಿಸಿ ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ಕಟ್ಟಿದ್ದರೂ ಹಾಗೇ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ಕಟ್ಟಿದ ಚಲನ್ ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ರಾಜಿ. ಇದರಲ್ಲಿ ಒಂದು ಒಳ್ಳೆಯ ಸುದ್ದಿ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಕಾನೂನು ರಾಜಿಗೆ ಅವಕಾಶ ಕೊಟ್ಟಿರುವ ಕೇಸುಗಳಲ್ಲಿ, ಉದಾಹರಣೆಗೆ ಹಳೇ ಐಪಿಸಿಯ (ಭಾರತೀಯ ದಂಡ ಸಂಹಿತೆ) 323 (ಹೊಡೆದದ್ದು), 504 (ಬೈದು ಕೆಣಕಿದ್ದು), 506 (ಬೆದರಿಕೆ), ಕೋರ್ಟಿನ ಮುಂದೆ ಅಥವಾ ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದು ಖುಲಾಸೆಗೆ ಸಮ. ಕಾನೂನಿನಲ್ಲೇ ಹಾಗೆ ಬರೆದಿದೆ. ಆದರೆ ಗುಡಿ ಕಟ್ಟೆ ಮೇಲೆ ಹಿರಿಯರನ್ನು ಕೂರಿಸಿಕೊಂಡು ಮಾಡಿಕೊಂಡ ರಾಜಿಯಿಂದ ಕೋರ್ಟಿನ ಕೇಸ್ ಮುಗಿಯುವುದಿಲ್ಲ. ಎರಡೂ ಮನೆಯವರು ಕೂಡಿ ಉಂಡಿರುತ್ತಾರೆ, ಅತ್ತ ಕೋರ್ಟಿನಲ್ಲಿ ಹಾಜರಾಗದ ಆರೋಪಿಗೆ ವಾರಂಟ್ ಹೊರಟಿರುತ್ತದೆ.

ಹೋರಾಟದ ಕೇಸುಗಳನ್ನು ಸರಕಾರ ಆಗಾಗ ವಾಪಸ್ ಪಡೆಯುತ್ತದೆ, ಅಲ್ವಾ? ಸಚಿವ ಸಂಪುಟ ತೀರ್ಮಾನ ಮಾಡಿತು ಎಂದು ಪೇಪರಿನಲ್ಲಿ ಓದಿ ಸುಮ್ನೆ ಕೂರಬೇಡಿ. ಸರಕಾರಿ ವಕೀಲರು ಅರ್ಜಿ ಹಾಕಿ, ಕೋರ್ಟು ಒಪ್ಪಿದ ಮೇಲೆ ಮಾತ್ರ ಕೇಸ್ ಮುಗಿಯುತ್ತದೆ. ರೌಡಿಶೀಟ್ ಅಂತ ಒಂದಿದೆ, ಅದು ಠಾಣೆಯವರು ನಿಗಾ ಇಡೋಕೆ ಇಟ್ಟುಕೊಳ್ಳುವ ಕಡತ, ಶಿಕ್ಷೆ ಅಲ್ಲ. ಆದರೆ ಅದರ ಹಿಂದಿನ ಕೇಸುಗಳನ್ನು ಹೇಳಲೇಬೇಕಾಗುತ್ತದೆ. 18 ತುಂಬುವ ಮೊದಲಿನ ತಪ್ಪಾಗಿದ್ದರೆ ಬಾಲ ನ್ಯಾಯ ಕಾಯ್ದೆ 2015ರ 24ನೇ ಸೆಕ್ಷನ್ ನಿಮ್ಮ ಕಡೆಗಿದೆ. ತೀರಾ ಘೋರ ಅಪರಾಧ ಬಿಟ್ಟರೆ ಆ ದಾಖಲೆ ಅಳಿಸಬೇಕೆಂದೇ ಕಾನೂನು. ದೊಡ್ಡವರಾದ ಮೇಲಿನ ಶಿಕ್ಷೆಗೆ ಮಾತ್ರ ಇಷ್ಟು ವರ್ಷ ಕಳೆದರೆ ತಾನಾಗಿ ಅಳಿಯುತ್ತೆ ಅನ್ನೋ ಸಾಮಾನ್ಯ ನಿಯಮ ನಮ್ಮ ದೇಶದಲ್ಲಿ ಇಲ್ಲ.

ಕಾಗದ ಕೈಗೆ ತಗೊಳ್ಳಿ

ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಂಡು ಜಿಲ್ಲೆ, ಕೋರ್ಟು, ಹೆಸರು, ವರ್ಷ ಕೊಟ್ಟು ಹುಡುಕಿ. ಹೆಸರನ್ನು ಎರಡು ಮೂರು ಥರ ಬರೆದು ನೋಡಬೇಕು. ಪಾಟೀಲ ಅನ್ನೋದನ್ನೇ ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಟೈಪ್ ಮಾಡಿರುತ್ತಾನೆ. ಸಿಕ್ಕಾಗ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಆಮೇಲೆ ಆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ. ಎರಡು ಪ್ರತಿ ತೆಗೆಸುವುದು ಒಳ್ಳೆಯದು. ಒಂದು ಕಂಪನಿಗೆ, ಒಂದು ಮನೆಯ ಟ್ರಂಕಿಗೆ. ಹೈಕೋರ್ಟಿನಲ್ಲಿ ರದ್ದಾಗಿದ್ದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ದಂಡ ಕಟ್ಟಿದ್ದರೆ ರಸೀದಿ ಹುಡುಕಿ. ಜೈಲಿನಲ್ಲಿ ಇದ್ದು ಬಂದವರು ಬಿಡುಗಡೆ ಪತ್ರ ಇಟ್ಟುಕೊಳ್ಳಬೇಕು.

ಫಾರ್ಮ್ ತುಂಬುವಾಗ

ವಿಮೆಯ ಪ್ರಪೋಸಲ್ ಫಾರ್ಮ್ ಹತ್ತಾರು ಪುಟ ಇರುತ್ತದೆ. ಬಿಪಿ, ಶುಗರ್, ತಂಬಾಕು, ತಂದೆ ತಾಯಿಯ ಕಾಯಿಲೆ, ಹೀಗೆ ಸಾಲು ಸಾಲು ಹೌದು-ಇಲ್ಲ ಚೌಕಗಳು. ಈ ಗದ್ದಲದೊಳಗೆ, ಹಲವು ಕಂಪನಿಗಳ ಫಾರ್ಮಿನಲ್ಲಿ ರಾಜಕೀಯ ವ್ಯಕ್ತಿಯಾ ಎಂಬ ಪ್ರಶ್ನೆಯ ಆಸುಪಾಸಿನಲ್ಲೇ, ಸಣ್ಣ ಅಕ್ಷರದಲ್ಲಿ ಕ್ರಿಮಿನಲ್ ಕೇಸಿನ ಪ್ರಶ್ನೆ ಇರುತ್ತದೆ. ಏಜೆಂಟನ ಪೆನ್ನು ಮೇಲಿಂದ ಕೆಳಗೆ ಒಂದೇ ಓಟದಲ್ಲಿ ಎಲ್ಲಕ್ಕೂ ಇಲ್ಲ, ಇಲ್ಲ, ಇಲ್ಲ ಎಂದು ಟಿಕ್ ಹಾಕುತ್ತ ಇಳಿಯುತ್ತದೆ. ಅಲ್ಲಿ ಕೈ ಹಿಡಿದು ನಿಲ್ಲಿಸಿ.

ಪ್ರಶ್ನೆಯನ್ನು ಅಕ್ಷರ ಅಕ್ಷರ ಓದಿ. "ಶಿಕ್ಷೆಯಾಗಿದೆಯೇ" ಎಂದಷ್ಟೇ ಕೇಳಿದ್ದರೆ ಖುಲಾಸೆ ಆದವರು ಇಲ್ಲ ಎನ್ನಬಹುದು, ಅದು ಸತ್ಯವೇ. "ಯಾವತ್ತಾದರೂ ಆರೋಪ, ತನಿಖೆ, ವಿಚಾರಣೆ ಇತ್ತೇ ಅಥವಾ ಇದೆಯೇ" ಎಂದಿದ್ದರೆ ಖುಲಾಸೆ ಆದವರೂ ಹೌದು ಎಂದು ಬರೆದು, ಖುಲಾಸೆ ಆದದ್ದನ್ನೂ ಬರೆಯಬೇಕು. ಪ್ರಶ್ನೆಯೇ ಇಲ್ಲದಿದ್ದರೆ ಹಳೇ ಪುರಾಣ ಪೂರ್ತಿ ಬಿಚ್ಚಬೇಕಿಲ್ಲ, ಆದರೆ ಕೇಸ್ ಇನ್ನೂ ನಡೆಯುತ್ತಿದ್ದರೆ ಹೇಳಿಬಿಡುವುದೇ ಲೇಸು ಎಂದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಸಹಿ ಮಾಡುವವರಿಗೆ ಇನ್ನೊಂದು ಮಾತು. ಇಂಗ್ಲಿಷ್ ಫಾರ್ಮಿನಲ್ಲಿ "ಇವರಿಗೆ ಇವರ ಭಾಷೆಯಲ್ಲಿ ಓದಿ ಹೇಳಿದ್ದೇನೆ" ಎಂಬ ಒಂದು ಹೇಳಿಕೆ ಇರುತ್ತದೆ. ನಿಜವಾಗಿ ಓದಿ ಹೇಳಿಸಿಕೊಂಡ ಮೇಲೆಯೇ ಅದರ ಕೆಳಗೆ ಸಹಿ ಹಾಕಿ.

ಹೌದು ಎಂದು ಬರೆದವರು ಜೊತೆಗೆ ಒಂದು ಪುಟದ ಪತ್ರ ಲಗತ್ತಿಸಬೇಕು. ಅಳು, ಸಿಟ್ಟು, ಎದುರು ಪಾರ್ಟಿಯ ಬೈಗುಳ ಯಾವುದೂ ಬೇಡ. ಇಷ್ಟಿದ್ದರೆ ಸಾಕು:

"2017ರಲ್ಲಿ ಹೊಲದ ಬದುವಿನ ಬಗ್ಗೆ ನಡೆದ ಜಗಳದಲ್ಲಿ ನನ್ನ ಮೇಲೆ ಐಪಿಸಿ 323, 504, 506ರ ಅಡಿ ಕೇಸ್ ದಾಖಲಾಗಿತ್ತು. 2019ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಕೇಸ್ ಮುಗಿದಿದೆ. ಆದೇಶದ ದೃಢೀಕೃತ ಪ್ರತಿ ಲಗತ್ತಿಸಿದ್ದೇನೆ. ನನ್ನ ಮೇಲೆ ಬೇರೆ ಯಾವ ಕೇಸೂ ಇಲ್ಲ."

2024ರ ಜುಲೈ 1ರಿಂದ ಈಚಿನ ಘಟನೆ ಆಗಿದ್ದರೆ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ ಇರುತ್ತದೆ, ಎಫ್ಐಆರ್‌ನಲ್ಲಿ ಇದ್ದಂತೆಯೇ ಬರೆಯಿರಿ.

ಎಷ್ಟು ಮೊತ್ತ, ಎಷ್ಟು ಕಡೆ ಅರ್ಜಿ

ವರ್ಷಕ್ಕೆ ಮೂರು ಲಕ್ಷ ದುಡಿಯುವವನು ಕೋಟಿ ರೂಪಾಯಿ ಟರ್ಮ್ ಪಾಲಿಸಿ (ಅವಧಿಯೊಳಗೆ ಸತ್ತರೆ ಹಣ ಕೊಡುವ ವಿಮೆ) ಕೇಳಿ, ಜೊತೆಗೆ ಹಲ್ಲೆ ಕೇಸ್ ಇದೆ ಅಂದರೆ ಯಾವ ಕಂಪನಿಗೂ ಹುಬ್ಬು ಏರುತ್ತದೆ. ಆದಾಯಕ್ಕೆ ತಕ್ಕ ಮೊತ್ತ ಕೇಳಿ. ಐಟಿ ರಿಟರ್ನ್, ಸಂಬಳದ ಚೀಟಿ, ಕಾರ್ಖಾನೆಯಿಂದ ಬಂದ ಕಬ್ಬಿನ ಬಿಲ್ಲು, ಏನಿದೆಯೋ ಅದನ್ನು ಕೊಡಿ.

ಒಂದೇ ಸಲ ನಾಲ್ಕು ಕಂಪನಿಗೆ ಅರ್ಜಿ ಹಾಕಬೇಡಿ. "ಹಿಂದೆ ಯಾವುದಾದರೂ ಕಂಪನಿ ನಿಮ್ಮ ಪ್ರಸ್ತಾವ ತಿರಸ್ಕರಿಸಿದೆಯೇ" ಎಂದು ಪ್ರತಿ ಫಾರ್ಮೂ ಕೇಳುತ್ತದೆ. ಒಂದು ಕಡೆ ಬೇಡ ಅಂದದ್ದು ಮುಂದಿನ ಕಡೆಗೂ ಬೆನ್ನು ಹತ್ತುತ್ತದೆ. ಅರ್ಜಿಗೆ ಮೊದಲೇ ಏಜೆಂಟ್ ಅಥವಾ ಡೆವಲಪ್‌ಮೆಂಟ್ ಆಫೀಸರ್ ಹತ್ತಿರ, ಇಂಥ ಸೆಕ್ಷನ್ನು, ಇಂಥ ತೀರ್ಪು, ಇಷ್ಟು ಮೊತ್ತ, ಅಂಡರ್‌ರೈಟರ್ (ಅರ್ಜಿ ಒಪ್ಪಬೇಕೋ ಬೇಡವೋ ತೀರ್ಮಾನಿಸುವ ಕಂಪನಿಯವರು) ಏನಂತಾರೆ ಕೇಳಿ ನೋಡಿ ಎನ್ನಿ. ಕಂಪನಿ ಹಾಗೇ ಒಪ್ಪಬಹುದು, ಪ್ರೀಮಿಯಂ ಏರಿಸಬಹುದು, ಮೊತ್ತ ಇಳಿಸಬಹುದು, ಕೇಸ್ ಮುಗಿದ ಮೇಲೆ ಬನ್ನಿ ಎನ್ನಬಹುದು, ಬೇಡವೇ ಬೇಡ ಎನ್ನಬಹುದು. ಜಾಮೀನಿನ ಮೇಲೆ ಇರುವವರಿಗೆ ಜಾಸ್ತಿ ಸಿಗೋದು "ಆಮೇಲೆ ಬನ್ನಿ" ಉತ್ತರವೇ. ಪಾಲಿಸಿ ಕೊಡದ್ದಕ್ಕೆ ಕಂಪನಿ ಜೊತೆ ಜಗಳ ಕಾಯೋದರಲ್ಲಿ ಅರ್ಥ ಇಲ್ಲ.

ಅಲ್ಲಿವರೆಗೆ ಬರಿಗೈಯಲ್ಲಿ ಇರಬೇಡಿ

ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ ಸೇರಿ. 18ರಿಂದ 50 ವಯಸ್ಸಿನೊಳಗೆ ಸೇರಬೇಕು, ಪ್ರತಿ ವರ್ಷ ಮುಂದುವರಿಸಿದರೆ 55ರವರೆಗೆ ರಕ್ಷಣೆ. ವರ್ಷಕ್ಕೆ 436 ರೂಪಾಯಿ, ಮೊತ್ತ 2 ಲಕ್ಷ. ಡಾಕ್ಟರ್ ತಪಾಸಣೆ ಇಲ್ಲ. ಸೇರಿದ ಮೊದಲ 30 ದಿನದಲ್ಲಿ ಅಪಘಾತ ಬಿಟ್ಟು ಬೇರೆ ಸಾವಿಗೆ ಹಣ ಸಿಗುವುದಿಲ್ಲ. ಜೊತೆಗೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆ, ಅಪಘಾತದಲ್ಲಿ ಸತ್ತರೆ 2 ಲಕ್ಷ, 70 ವಯಸ್ಸಿನವರೆಗೆ. ಹಳ್ಳಿಯವರು ಅಂಚೆ ಕಚೇರಿಯ ಗ್ರಾಮೀಣ ಅಂಚೆ ಜೀವ ವಿಮೆಯನ್ನೂ ವಿಚಾರಿಸಿ. ಸಕ್ಕರೆ ಕಾರ್ಖಾನೆ, ಸೊಸೈಟಿ, ಬ್ಯಾಂಕ್ ಸಾಲದ ಜೊತೆ ಬರುವ ಗುಂಪು ವಿಮೆಯಲ್ಲಿ ಪ್ರಶ್ನೆಗಳು ಸಾಮಾನ್ಯವಾಗಿ ಕಡಿಮೆ.

"ಮೂರು ವರ್ಷ ದಾಟಿಸಿದ್ರ ಆತು" ಅನ್ನುವವರಿಗೆ

ಏಜೆಂಟರು ಹೇಳುವ ಈ ಮಾತಿನ ಹಿಂದೆ ಇರೋದು ವಿಮಾ ಕಾಯ್ದೆಯ 45ನೇ ಸೆಕ್ಷನ್. 2015ರ ತಿದ್ದುಪಡಿ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಮಾತು ನಿಜ. ಆದರೆ ಸಾವು ಮೂರು ವರ್ಷ ಕಾಯುತ್ತದೆ ಎಂದು ಯಾರು ಹೇಳಿದರು? ಅದರೊಳಗೆ ಏನಾದರೂ ಆದರೆ ಕಂಪನಿ ತನಿಖೆ ಮಾಡಿಯೇ ಮಾಡುತ್ತದೆ, ನೀವು ಆ್ಯಪಿನಲ್ಲಿ ಹುಡುಕಿದ್ದನ್ನು ಅವರೂ ಹುಡುಕಬಲ್ಲರು. ಇನ್ನೊಂದು ವಿಷಯ ಏಜೆಂಟ್ ಹೇಳುವುದಿಲ್ಲ. ಪ್ರೀಮಿಯಂ ತಪ್ಪಿ ಪಾಲಿಸಿ ಲ್ಯಾಪ್ಸ್ ಆಗಿ, ಮತ್ತೆ ಚಾಲು ಮಾಡಿಸಿದರೆ ಆ ಮೂರು ವರ್ಷ ಅಲ್ಲಿಂದ ಹೊಸದಾಗಿ ಶುರು.

ಪಾಲಿಸಿ ಬಂದ ತಕ್ಷಣ ಅದರ ಜೊತೆಗಿನ ಪ್ರಪೋಸಲ್ ಪ್ರತಿ ತೆಗೆದು ಕೇಸಿನ ಪ್ರಶ್ನೆಗೆ ಏನು ಉತ್ತರ ಹೋಗಿದೆ ನೋಡಿ. ತಪ್ಪಿದ್ದರೆ ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ತೆಗೆದುಕೊಳ್ಳಿ. ಇಷ್ಟವಾಗದಿದ್ದರೆ 30 ದಿನದೊಳಗೆ ಪಾಲಿಸಿ ವಾಪಸ್ ಮಾಡಬಹುದು. ಅಪಘಾತದ ರೈಡರ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆ) ತಗೊಂಡಿದ್ದರೆ ಅದರ ಷರತ್ತನ್ನೂ ಓದಿ. ಅಪರಾಧ ಮಾಡುವಾಗ ಸತ್ತರೆ ಆ ಹೆಚ್ಚುವರಿ ಹಣ ಸಿಗುವುದಿಲ್ಲ.

ಪಾಲಿಸಿ ನಡೆಯುತ್ತಿರುವಾಗ ಹೊಸ ಕೇಸ್ ಬಿದ್ದರೆ ಅಷ್ಟಕ್ಕೇ ಪಾಲಿಸಿ ರದ್ದಾಗುವುದಿಲ್ಲ, ಪ್ರೀಮಿಯಂ ಮಾತ್ರ ತಪ್ಪಬಾರದು. ತಿಂಗಳ ಕಂತಿಗೆ 15 ದಿನ, ಮೂರು ತಿಂಗಳು, ಆರು ತಿಂಗಳು, ವರ್ಷದ ಕಂತಿಗೆ 30 ದಿನ ಹೆಚ್ಚಿನ ಗಡುವು ಇರುತ್ತದೆ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲೋ ವಿಜಯಪುರದ ಜೈಲಿನಲ್ಲೋ ಕೂತವನಿಗೆ ಕಟ್ಟೋಕೆ ಆಗಲ್ಲ, ಆದ್ದರಿಂದ ಪಾಲಿಸಿ ನಂಬರ್ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ.

ಮುಂದೆ ಎಂದಾದರೂ ಕೇಸಿನ ನೆಪ ಹೇಳಿ ಕ್ಲೇಮ್ ನಿರಾಕರಿಸಿದರೆ ನಾಮಿನಿ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ಒಂದು ವರ್ಷದೊಳಗೆ ವಿಮೆಯ ದೂರು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ಟ್ರಂಕಿನಲ್ಲಿ ಇಟ್ಟ ಎರಡನೇ ದೃಢೀಕೃತ ಪ್ರತಿ ಬೇಕಾಗೋದು ಆಗಲೇ, ಅದರ ಜೊತೆ ಕಂಪನಿಗೆ ಕೊಟ್ಟ ಪತ್ರದ ನಕಲೂ ಇರಲಿ.