ಮಲಗಿರೋ ರೈಬೋಸೋಮ್‌ನ ನಾನೇ ಎಬ್ಬಿಸ್ತಿದ್ದೆ

ಇ. ಕೋಲೈ ಬ್ಯಾಕ್ಟೀರಿಯಾ ಜೋರಾಗಿ ಬೆಳೀತಿರೋವಾಗ, ಒಡಿ (ಕಲ್ಚರ್ ಎಷ್ಟು ದಟ್ಟ ಆಗಿದೆ ಅನ್ನೋ ಅಳತೆ) 0.5 ಹತ್ರ, ಕಲ್ಚರ್ ತೆಗೆದು ಸುಕ್ರೋಸ್ ಗ್ರೇಡಿಯಂಟ್ ಓಡಿಸೋದು, ಅಂದ್ರೆ ಪ್ರೋಟೀನ್ ತಯಾರಿಸೋ ರೈಬೋಸೋಮ್‌ಗಳನ್ನ ಸಕ್ಕರೆ ದ್ರಾವಣದಲ್ಲಿ ಸೆಂಟ್ರಿಫ್ಯೂಜ್ ಮಾಡಿ ಬೇರ್ಪಡಿಸೋದು, ನಂಗೆ ಬೇಗ ಕೈಗೆ ಹತ್ತಿತ್ತು. ರೈಬೋಸೋಮಿನ ಎರಡು ತುಂಡು 30ಎಸ್, 50ಎಸ್, ಅವು ಸೇರಿದ ಪೂರ್ತಿ ರೈಬೋಸೋಮ್ 70ಎಸ್, ಆಮೇಲೆ ಪಾಲಿಸೋಮ್‌ಗಳ (ಒಂದೇ ಎಮ್‌ಆರ್‌ಎನ್‌ಎ ದಾರದ ಮೇಲೆ ಕೂತ ಹಲವು ರೈಬೋಸೋಮ್) ಸಾಲು, ಎಲ್ಲ ನೀಟಾಗಿ ಬರ್ತಿತ್ತು. ತಲೆನೋವು ಶುರುವಾಗಿದ್ದು ಸ್ಟೇಷನರಿ ಫೇಸ್‌ಗೆ (ಬೆಳವಣಿಗೆ ನಿಂತ ಹಂತ) ಬಂದಾಗ. ಆಹಾರ ಖಾಲಿಯಾದ್ರೆ ಆರ್‌ಎಮ್‌ಎಫ್ ಅನ್ನೋ 55 ಅಮೈನೋ ಆಸಿಡ್‌ನ ಪುಟಾಣಿ ಪ್ರೋಟೀನು, ಜೊತೆಗೆ ಎಚ್‌ಪಿಎಫ್ ಅನ್ನೋ ಇನ್ನೊಂದು ಪ್ರೋಟೀನು, ಎರಡೂ ರೈಬೋಸೋಮ್‌ಗೆ ಕೂತ್ಕೊಂಡು ಎರಡೆರಡು 70ಎಸ್‌ನ 30ಎಸ್ ಕಡೆಯಿಂದ ಬೆನ್ನಿಗೆ ಬೆನ್ನು ಜೋಡಿಸಿಬಿಡ್ತವೆ, ಅದೇ 100ಎಸ್, ಪ್ರೋಟೀನ್ ತಯಾರಿ ಬಂದ್. (140 ಆಗ್ಬೇಕಲ್ವಾ ಅನ್ಬೇಡಿ, ಎಸ್ ಅಂದ್ರೆ ತೂಕ ಅಲ್ಲ, ಸೆಂಟ್ರಿಫ್ಯೂಜಲ್ಲಿ ಕೆಳಗಿಳಿಯೋ ವೇಗ.)

ಮೂರು ಸಲ ಮಾಡಿದ್ರೂ ಗ್ರಾಫ್‌ನಲ್ಲಿ ಆ 100ಎಸ್ ಪೀಕ್ ಕಾಣ್ಲೇ ಇಲ್ಲ. ಬಫರ್ ಬದಲಾಯಿಸಿದೆ, ರೋಟರ್ ಬೈದೆ, ಕೊನೆಗೆ ನೋಡಿದ್ರೆ ತಪ್ಪು ನಂದೇ, ಪೆಲೆಟ್ (ತಳಕ್ಕೆ ಕೂತ ಬ್ಯಾಕ್ಟೀರಿಯಾ) ಕ್ಲೀನಾಗಿರ್ಲಿ ಅಂತ ರೂಮ್ ಟೆಂಪರೇಚರ್‌ನಲ್ಲಿ ಹೊಸ ಎಲ್‌ಬಿ ಮೀಡಿಯಂ ಹಾಕಿ ತೊಳೀತಿದ್ದೆ! ಹೊಸ ಮೀಡಿಯಂ ಸಿಕ್ಕಿದ್ರೆ 100ಎಸ್ ಒಂದೆರಡು ನಿಮಿಷದಲ್ಲೇ ಬಿಟ್ಕೊಂಡು 70ಎಸ್ ಆಗುತ್ತೆ, ಊಟ ಬಡಿಸಿ ಎಬ್ಬಿಸಿ ಆಮೇಲೆ ಮಲಗಿದ್ದೋರು ಎಲ್ಲಿ ಅಂತ ಹುಡುಕಿದ ಹಾಗೆ.

ಆಮೇಲಿಂದ ಫ್ಲಾಸ್ಕ್‌ನ ನೇರ ಐಸ್ ನೀರಿಗೆ ಇಳಿಸ್ತೀನಿ, ತೊಳೆಯೋದೇ ಇಲ್ಲ, ಎಲ್ಲಾ 4 ಡಿಗ್ರಿಲೇ, ಬಫರಲ್ಲಿ ಮೆಗ್ನೀಸಿಯಂ 15 ಮಿಲಿಮೋಲಾರ್. ಮೆಗ್ನೀಸಿಯಂ ವಿಷಯದಲ್ಲಿ ಜಿಪುಣತನ ಬೇಡ, 1ಕ್ಕೆ ಇಳಿಸಿದ್ರೆ 70ಎಸ್ ಕೂಡ 30, 50 ಆಗಿ ಬೇರೆಯಾಗುತ್ತೆ.

ಪೀಕ್ ಬಂತು, ಆದ್ರೆ ಖುಷಿ ಪಡೋಕೂ ಭಯ, ಯಾಕಂದ್ರೆ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಡೈಸೋಮ್ ಕೂಡ ಬರುತ್ತೆ, ಅಂದ್ರೆ ಒಂದೇ ಎಮ್‌ಆರ್‌ಎನ್‌ಎ ಮೇಲೆ ಕೂತಿರೋ ಎರಡು ರೈಬೋಸೋಮ್. ಅದಕ್ಕೆ ಲೈಸೇಟ್‌ನ (ಒಡೆದ ಬ್ಯಾಕ್ಟೀರಿಯಾದ ರಸ) ಎರಡು ಭಾಗ ಮಾಡಿ ಒಂದಕ್ಕೆ ಸ್ವಲ್ಪವೇ ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸೋ ಕಿಣ್ವ) ಹಾಕಿದೆ. ಡೈಸೋಮ್ ಆಗಿದ್ರೆ ನಡುವಿನ ದಾರ ಕತ್ತರಿಸಿ 70ಎಸ್ ಆಗ್ಬೇಕು, 100ಎಸ್‌ನಲ್ಲಿ ದಾರಾನೇ ಇಲ್ಲ, ಹಾಗೇ ಉಳೀಬೇಕು. ಉಳೀತು. (ಮೊದಲ ಸಲ ಡೋಸ್ ಜಾಸ್ತಿಯಾಗಿ ರೈಬೋಸೋಮಿನ ಆರ್‌ಎನ್‌ಎನೇ ಚೂರುಚೂರಾಗಿತ್ತು, ಅದು ಬಿಡಿ.) ಆದ್ರೂ ನಂಗೆ ಪೂರ್ತಿ ನಂಬಿಕೆ ಬಂದಿದ್ದು ಆರ್‌ಎಮ್‌ಎಫ್ ಜೀನ್ ತೆಗೆದ ಸ್ಟ್ರೇನಲ್ಲಿ ಆ ಪೀಕ್ ಮಾಯ ಆದಾಗ್ಲೇ.

ಈಗ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಹಿಡ್ಕೊಂಡಿದೀನಿ. ಅದ್ರಲ್ಲಿ ಆರ್‌ಎಮ್‌ಎಫ್ ಇಲ್ವೇ ಇಲ್ಲ, ಉದ್ದನೆ ಎಚ್‌ಪಿಎಫ್ ಒಂದೇ ಜೋಡಿಸೋ ಕೆಲಸ ಮಾಡುತ್ತೆ, ಹಾಗಾಗಿ ಕಂಟ್ರೋಲ್‌ಗೆ ಎಚ್‌ಪಿಎಫ್ ಜೀನ್ ತೆಗೆದ ಸ್ಟ್ರೇನೇ ಬೇಕು.